ಪ್ರಾಗ್‌ನ ಮಧ್ಯಯುಗದ ಕೇರಿಗಳು: ಯಾವ ನಡಿಗೆ, ಯಾರ ಜೊತೆ?

ಪ್ರಾಗ್‌ಗೆ ಹೋಗುವವರು ವಿಮಾನವನ್ನೂ ಹೋಟೆಲನ್ನೂ ವಾರಗಟ್ಟಲೆ ತೂಗಿ ನೋಡುತ್ತಾರೆ. ಊರನ್ನು ಕಾಲ್ನಡಿಗೆಯಲ್ಲಿ ತೋರಿಸುವ ಗೈಡ್‌ನ ವಿಷಯ ಬಂದಾಗ ಮಾತ್ರ ಹಿಂದಿನ ರಾತ್ರಿ ಮೊಬೈಲ್ ತೆರೆದು, ಮೊದಲು ಕಂಡದ್ದನ್ನು ಬುಕ್ ಮಾಡಿ ಮಲಗಿಬಿಡುತ್ತಾರೆ. ಈ ಊರಿನ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಪ್ರಾಗ್‌ನ ಮಧ್ಯಯುಗ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತೋರಿಸಿಕೊಡುವವರು ಬೇಕು, ಅದೂ ಸರಿಯಾದವರು ಬೇಕು.

ಹಳೆಯ ಪಟ್ಟಣದ ಚೌಕದಲ್ಲಿ ಕಲ್ಲುಗಂಟೆಯ ಮನೆ ಎಂಬ ಕಟ್ಟಡವಿದೆ. ಶತಮಾನಗಳ ಕಾಲ ಅದು ಅಕ್ಕಪಕ್ಕದ ಮನೆಗಳಂತೆಯೇ ಬರೋಕ್ ಶೈಲಿಯ (17–18ನೇ ಶತಮಾನದ ಶೈಲಿ) ಗಾರೆ ಹೊದ್ದು ನಿಂತಿತ್ತು. 20ನೇ ಶತಮಾನದ ಉತ್ತರಾರ್ಧದಲ್ಲಿ ಸಂರಕ್ಷಣಾ ತಜ್ಞರು ಗಾರೆಯನ್ನು ಬಿಡಿಸಿದಾಗ ಒಳಗಿನಿಂದ 14ನೇ ಶತಮಾನದ ಗೋಥಿಕ್ ಕಲ್ಲಿನ ಮುಖಭಾಗ ಎದ್ದು ಬಂತು. ಮೊನಚು ಕಮಾನಿನ ಕಿಟಕಿಗಳಿರುವ, ಗೋಪುರದಂತೆ ನೆಟ್ಟಗೆ ನಿಂತ ಮನೆ ಅದು. ಆ ಚೌಕದ ಇನ್ನೆಷ್ಟೋ ಮನೆಗಳ ಒಳಗೂ ಹೀಗೆಯೇ ಹಳೆಯ ಗೋಡೆಗಳಿವೆ. ಗಾರೆ ಮಾತ್ರ ಹಾಗೆಯೇ ಉಳಿದಿದೆ. ಇದಕ್ಕಿಂತ ಹಳೆಯದು ಕಾಲ ಕೆಳಗಿದೆ. ವಲ್ತಾವಾ ನದಿಯ ಪ್ರವಾಹಕ್ಕೆ ಬೇಸತ್ತು 13ನೇ ಶತಮಾನದಲ್ಲಿ ಹಳೆಯ ಪಟ್ಟಣದ ರಸ್ತೆಗಳ ಮಟ್ಟವನ್ನು ಮಣ್ಣು ತುಂಬಿ ಏರಿಸಿದರು. ಅದರಿಂದ 12ನೇ ಶತಮಾನದ ರೊಮನೆಸ್ಕ್ ಮನೆಗಳ ನೆಲದಂತಸ್ತುಗಳು ನೆಲಮಾಳಿಗೆಗಳಾದವು. ಇಂದು ಎಷ್ಟೋ ಹೋಟೆಲುಗಳ ಗ್ರಾಹಕರು ಮೆಟ್ಟಿಲಿಳಿದು ಕೂರುವ ಜಾಗ ಒಂದು ಕಾಲದಲ್ಲಿ ಬೀದಿಗೆ ಬಾಗಿಲು ತೆರೆದಿದ್ದ ಕೋಣೆ.

ಹಾಗಾಗಿ ಒಂದು ನಡಿಗೆ ಎಷ್ಟು ಸ್ಥಳ ಮುಟ್ಟುತ್ತದೆ ಎಂದು ನಾನು ಎಣಿಸುವುದಿಲ್ಲ. ಒಂದು ಸ್ಥಳದಲ್ಲಿ ನಿಂತು ಅದರ ಎಷ್ಟು ಪದರಗಳನ್ನು ಬಿಡಿಸಿ ಹೇಳುತ್ತಾರೆ ಎಂದು ನೋಡುತ್ತೇನೆ. ಕೆಳಗಿನ ಹೋಲಿಕೆಗೆಲ್ಲ ಇದೇ ಅಳತೆ.

ಮೊದಲು ಕೇರಿಯನ್ನು ಆರಿಸಿ

ಇಂದು ಒಂದೇ ಊರಾಗಿ ಕಾಣುವ ಪ್ರಾಗ್ 1784ರವರೆಗೆ ನಾಲ್ಕು ಬೇರೆ ಬೇರೆ ಪಟ್ಟಣಗಳಾಗಿತ್ತು: ಹಳೆಯ ಪಟ್ಟಣ, ಹೊಸ ಪಟ್ಟಣ, ನದಿಯಾಚೆಯ ಮಾಲಾ ಸ್ತ್ರಾನಾ ಮತ್ತು ಕೋಟೆಯ ಪಕ್ಕದ ಹ್ರಾಡ್ಚಾನಿ. ಇವುಗಳ ಜೊತೆಗೆ ಹಳೆಯ ಪಟ್ಟಣಕ್ಕೆ ಅಂಟಿಕೊಂಡಂತಿದ್ದ ಯಹೂದಿಗಳ ಕೇರಿ, ಯೋಸೆಫೊವ್. ‘ಮೂರು ಗಂಟೆಯಲ್ಲಿ ಇಡೀ ಪ್ರಾಗ್’ ಎಂದು ಮಾರುವ ನಡಿಗೆಗಳು ಈ ಐದನ್ನೂ ಒಂದೇ ದಾರದಲ್ಲಿ ಪೋಣಿಸುತ್ತವೆ. ಅಂಥದ್ದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕಾಲು ನೋಯುತ್ತದೆ, ಹೆಸರುಗಳು ಕಲಸಿಹೋಗುತ್ತವೆ, ಯಾವ ಕೇರಿಯೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಒಂದೇ ನಡಿಗೆಗೆ ಸಮಯವಿದ್ದರೆ ಹಳೆಯ ಪಟ್ಟಣವನ್ನೇ ಆರಿಸಿ. 10ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ರಾಹಿಂ ಇಬ್ನ್ ಯಾಕೂಬ್ ಎಂಬ ಪ್ರವಾಸಿ ಪ್ರಾಗ್ ಕಲ್ಲು ಸುಣ್ಣದಲ್ಲಿ ಕಟ್ಟಿದ ಊರೆಂದೂ, ವ್ಯಾಪಾರದಿಂದ ಸಮೃದ್ಧವಾಗಿದೆಯೆಂದೂ ಬರೆದಿಟ್ಟಿದ್ದಾನೆ. ಆ ವ್ಯಾಪಾರದ ಗುರುತು ಟೀನ್ ಚರ್ಚಿನ ಹಿಂದಿನ ಉಂಗೆಲ್ಟ್ ಅಂಗಳದಲ್ಲಿ ಈಗಲೂ ಇದೆ: ಹೊರಗಿನ ವರ್ತಕರು ತಂಗಿ, ಸರಕಿಗೆ ಸುಂಕ ಕಟ್ಟುತ್ತಿದ್ದ, ಸುತ್ತ ಗೋಡೆಯಿರುವ ಜಾಗ. ಚೌಕದ ಪುರಸಭಾ ಭವನ 1338ರಲ್ಲಿ ಆರಂಭವಾಯಿತು. ನಮ್ಮಲ್ಲಿ ವಿಜಯನಗರ ಸ್ಥಾಪನೆಯಾಯಿತೆಂದು ಹೇಳುವ 1336ರ ಪಕ್ಕದ ವರ್ಷಗಳು ಅವು. ಕನ್ನಡದ ಓದುಗರಿಗೆ ಕಾಲವನ್ನು ಹಿಡಿದುಕೊಳ್ಳಲು ಇದೊಂದು ಗೂಟ ಸಾಕು. ಪಟ್ಟಣಿಗರು ಹೊಸ ಭವನವನ್ನೇನೂ ಕಟ್ಟಲಿಲ್ಲ. ಇದ್ದ ಮನೆಯೊಂದನ್ನು ಕೊಂಡು, ಮುಂದೆ ಪಕ್ಕದ ಮನೆಗಳನ್ನೂ ಸೇರಿಸುತ್ತಾ ಹೋದರು. ಇಂದು ಅದರ ಮುಂದೆ ನಿಂತರೆ ಬೇರೆ ಬೇರೆ ಎತ್ತರದ, ಬೇರೆ ಬೇರೆ ಬಣ್ಣದ ಮನೆಗಳ ಸಾಲು ಕಾಣುವುದು ಅದಕ್ಕೇ. ಭವನದ ಒಳಗಿನ ಸುತ್ತಾಟದಲ್ಲಿ ನೆಲದಡಿಯ ರೊಮನೆಸ್ಕ್ ಮತ್ತು ಗೋಥಿಕ್ ಕೋಣೆಗಳೂ ಸೇರಿವೆ. ರಸ್ತೆ ಏರಿದ ಕಥೆಯನ್ನು ಕಿವಿಯಲ್ಲಿ ಕೇಳುವುದು ಬೇರೆ, ಅಲ್ಲಿ ಇಳಿದು ಹಳೆಯ ನೆಲದ ಮೇಲೆ ನಿಲ್ಲುವುದು ಬೇರೆ. ಹಳೆಯ ಪಟ್ಟಣದ ಎರಡು ನಡಿಗೆಗಳ ನಡುವೆ ಅನುಮಾನವಿದ್ದರೆ ನೆಲದಡಿಗೆ ಇಳಿಯುವುದನ್ನೇ ಹಿಡಿಯಿರಿ.

ಇದೇ ಕೇರಿಯ ಬೆತ್ಲೆಹೆಮ್ ಪ್ರಾರ್ಥನಾ ಮಂದಿರವನ್ನು ಹೆಚ್ಚಿನ ಗುಂಪುಗಳು ದಾಟಿ ಹೋಗುತ್ತವೆ. 1391ರಲ್ಲಿ ಆರಂಭವಾದ ಈ ಮಂದಿರದ ಉದ್ದೇಶವೇ ಜನರ ಮಾತಾದ ಚೆಕ್ ಭಾಷೆಯಲ್ಲಿ ಪ್ರವಚನ ನಡೆಸುವುದಾಗಿತ್ತು. 1402ರಿಂದ ಧರ್ಮಸುಧಾರಕ ಯಾನ್ ಹುಸ್ ಇಲ್ಲಿ ಬೋಧಿಸಿದರು. 1415ರಲ್ಲಿ ಕಾನ್‌ಸ್ಟನ್ಸ್‌ನಲ್ಲಿ ಅವರನ್ನು ಜೀವಂತ ಸುಟ್ಟರು. ದೇವರ ಮಾತನ್ನು ಜನರ ನುಡಿಯಲ್ಲೇ ಆಡಿದ ಶರಣರನ್ನೂ ದಾಸರನ್ನೂ ಬಲ್ಲ ನಮಗೆ ಈ ಮಂದಿರದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಿರುವುದು ಬಹುಪಾಲು 1950ರ ದಶಕದ ಮರುನಿರ್ಮಾಣ, ಹಳೆಯ ಗೋಡೆಗಳ ಭಾಗಗಳನ್ನು ಉಳಿಸಿಕೊಂಡು ಕಟ್ಟಿದ್ದು. ಅದನ್ನು ಮುಚ್ಚಿಡದೆ ಹೇಳುವ ಗೈಡ್ ಸಿಕ್ಕರೆ ಉಳಿದ ಮಾತುಗಳನ್ನೂ ನಂಬಬಹುದು. ನದಿಯ ಕಡೆಗಿರುವ ಸಂತ ಆ್ಯಗ್ನೆಸ್‌ರ ಮಠ 1230ರ ದಶಕದ್ದು. ಅಲ್ಲಿ ರಾಷ್ಟ್ರೀಯ ಗ್ಯಾಲರಿಯ ಮಧ್ಯಯುಗದ ಕಲಾಸಂಗ್ರಹವಿದೆ. ನಡಿಗೆ ಮುಗಿದ ಮೇಲೆ ನೀವೇ ನಿಧಾನವಾಗಿ ನೋಡಬೇಕಾದ ಜಾಗ ಅದು, ಗುಂಪಿನಲ್ಲಿ ಬೇಡ.

ಯೋಸೆಫೊವ್ ವಿಷಯದಲ್ಲಿ ಒಂದು ಎಚ್ಚರ. ಅಲ್ಲಿ ಹಳೆಯ ಕೇರಿಯ ಓಣಿಗಳನ್ನು ನಿರೀಕ್ಷಿಸಿ ಹೋದರೆ ನಿರಾಶೆಯಾಗುತ್ತದೆ. 1890ರ ದಶಕದಲ್ಲಿ ಆರಂಭವಾದ ತೆರವಿನಲ್ಲಿ ಇಡೀ ಕೇರಿಯನ್ನು ಕೆಡವಿ ಅಗಲವಾದ ರಸ್ತೆಗಳನ್ನೂ ಸಿರಿವಂತರ ಮನೆಗಳನ್ನೂ ಕಟ್ಟಿದರು. ಉಳಿದದ್ದು ಕೆಲವು ಸಿನಗಾಗ್‌ಗಳು (ಯಹೂದಿಗಳ ಪ್ರಾರ್ಥನಾ ಮಂದಿರಗಳು), ಯಹೂದಿ ಪುರಭವನ ಮತ್ತು ಸ್ಮಶಾನ. ಆದರೆ ಉಳಿದದ್ದರಲ್ಲೇ ಎಂಥ ತೂಕವಿದೆ! ಸುಮಾರು 1270ರ ‘ಹಳೆ-ಹೊಸ ಸಿನಗಾಗ್’ ಯುರೋಪಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುವ ಅತ್ಯಂತ ಹಳೆಯ ಸಿನಗಾಗ್. ಅದರ ಒಳಗೆ ಮೆಟ್ಟಿಲಿಳಿದು ಹೋಗಬೇಕು. 1389ರ ಈಸ್ಟರ್ ಹೊತ್ತಿನಲ್ಲಿ ಈ ಕೇರಿಯ ಮೇಲೆ ದಾಳಿ ನಡೆದು ಅಪಾರ ಜನ ಸತ್ತರು. ಆ ಹತ್ಯಾಕಾಂಡದ ಕುರಿತು ಅವಿಗ್ದೋರ್ ಕಾರಾ ಎಂಬ ರಬ್ಬಿ (ಯಹೂದಿ ಧರ್ಮಗುರು) ಹೀಬ್ರೂ ಭಾಷೆಯಲ್ಲಿ ಶೋಕಗೀತೆ ಬರೆದರು. ಹಳೆಯ ಸ್ಮಶಾನದಲ್ಲಿ ಗುರುತಿಸಲಾದ ಅತ್ಯಂತ ಹಳೆಯ ಗೋರಿಕಲ್ಲು 1439ರದ್ದು, ಅದು ಅದೇ ಅವಿಗ್ದೋರ್ ಕಾರಾ ಅವರದು. ಸ್ಮಶಾನಕ್ಕೆ ಜಾಗ ಸಾಲದೆ ಮಣ್ಣಿನ ಮೇಲೆ ಮಣ್ಣು ಹಾಕಿ ಹೂಳುತ್ತಾ ಹೋದದ್ದರಿಂದ ಸಾವಿರಾರು ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಇದನ್ನು ಹೊರಗಿನ ಗೋಡೆಯ ಬಳಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸುವ ನಡಿಗೆಗೆ ಹೋಗಬೇಡಿ. ಯೋಸೆಫೊವ್‌ಗೆ ಹೋಗುವುದಾದರೆ ಪ್ರವೇಶದ ಟಿಕೆಟ್ ಸೇರಿದ, ಅದೊಂದೇ ಕೇರಿಗೆ ಮೀಸಲಾದ ನಡಿಗೆಯನ್ನು ಆರಿಸಿ.

ಮಾಲಾ ಸ್ತ್ರಾನಾ 1257ರಲ್ಲಿ ಸ್ಥಾಪನೆಯಾದದ್ದು ನಿಜ. ಆದರೆ 1541ರ ಬೆಂಕಿ ಆ ಕೇರಿಯ ಬಹುಭಾಗವನ್ನೂ ಹ್ರಾಡ್ಚಾನಿಯನ್ನೂ ನುಂಗಿತು. ಇಂದು ಅಲ್ಲಿ ಕಾಣುವ ಅರಮನೆಗಳೂ ಉದ್ಯಾನಗಳೂ ಹೆಚ್ಚಾಗಿ ಅದರ ನಂತರದವು. ಬಹಳ ಚೆಲುವಾದ ಕೇರಿ, ಆದರೆ ಮಧ್ಯಯುಗವನ್ನು ಹುಡುಕುವವರಿಗೆ ಎರಡನೆಯ ಆಯ್ಕೆ. ಕೋಟೆಯೊಳಗೆ ಮಾತ್ರ ಬೇಕಾದಷ್ಟಿದೆ: ಸಂತ ಜಾರ್ಜ್‌ರ ಬೆಸಿಲಿಕಾದ ರೊಮನೆಸ್ಕ್ ಒಳಾಂಗಣ, 1344ರಲ್ಲಿ ಆರಂಭವಾಗಿ 1929ರಲ್ಲಿ ಮುಗಿದ ಸಂತ ವೀಟಸ್ ಕೆಥೆಡ್ರಲ್. ಈ ಕೆಥೆಡ್ರಲ್‌ನ ಪಶ್ಚಿಮದ ಎರಡು ಗೋಪುರಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಭಾಗ 19–20ನೇ ಶತಮಾನದ್ದು. ವಾಸ್ತುಶಿಲ್ಪಿ ಪೀಟರ್ ಪಾರ್ಲರ್‌ನ 14ನೇ ಶತಮಾನದ ಕೆಲಸ ನೋಡಬೇಕಾದರೆ ಪೂರ್ವದ ಕಡೆಗೆ ನಡೆಯಬೇಕು.

ಹೊಸ ಪಟ್ಟಣದ ಬಗ್ಗೆ ಸ್ವಲ್ಪ ಪಕ್ಷಪಾತದಿಂದಲೇ ಬರೆಯುತ್ತೇನೆ, ಏಕೆಂದರೆ ಮಧ್ಯಯುಗದ ನಡಿಗೆಗಳ ಪಟ್ಟಿಯಲ್ಲಿ ಇದರ ಹೆಸರು ಕಾಣುವುದೇ ಅಪರೂಪ. 1348ರಲ್ಲಿ ದೊರೆ ನಾಲ್ಕನೆಯ ಚಾರ್ಲ್ಸ್ ಹಳೆಯ ಪಟ್ಟಣದ ಕೋಟೆಗೋಡೆಯ ಹೊರಗೆ ನಕ್ಷೆ ಹಾಕಿ ಕಟ್ಟಿಸಿದ ಊರಿದು. ಮೂರು ದೊಡ್ಡ ಸಂತೆಗಳಿಗೆ ಮೂರು ಬಯಲು: ಕುದುರೆ ಸಂತೆ, ದನದ ಸಂತೆ, ಹುಲ್ಲಿನ ಸಂತೆ. ಇಂದಿನ ವೆನ್ಸೆಸ್ಲಾಸ್ ಚೌಕವೇ ಆ ಕುದುರೆ ಸಂತೆ, ಚಾರ್ಲ್ಸ್ ಚೌಕವೇ ದನದ ಸಂತೆ. ಸುತ್ತ ಇರುವ ಕಟ್ಟಡಗಳು ಹೆಚ್ಚಾಗಿ 19 ಮತ್ತು 20ನೇ ಶತಮಾನದವು. ಆದರೆ ಟ್ರಾಮ್ ಓಡುವ ರಸ್ತೆಗಳ ಅಗಲ, ಚೌಕಗಳ ಅಳತೆ, ತಿರುವುಗಳು, ಎಲ್ಲವೂ ಚಾರ್ಲ್ಸ್ ಎಳೆಸಿದ ಗೆರೆಗಳ ಮೇಲೆಯೇ ಇವೆ. ಸುಮಾರು 7 ಶತಮಾನ ಹಿಂದಿನ ನಗರ ಯೋಜನೆಯೊಂದು ಇಂದಿಗೂ ದಟ್ಟಣೆಯನ್ನು ತಾಳಿಕೊಂಡು ಕೆಲಸ ಮಾಡುತ್ತಿರುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಹಿಮದ ಮಾತೆಯ ಚರ್ಚಿನಿಂದ ಹೊಸ ಪಟ್ಟಣದ ಪುರಭವನದವರೆಗೆ ನಡೆದರೆ ಇತಿಹಾಸದ ಒಂದು ಮೆರವಣಿಗೆಯ ಹಾದಿಯಲ್ಲೇ ನಡೆದಂತೆ: 1419ರ ಜುಲೈ 30ರಂದು ಬೋಧಕ ಯಾನ್ ಜೆಲಿವ್‌ಸ್ಕಿಯ ಹಿಂದೆ ಹೊರಟ ಹುಸ್ ಅನುಯಾಯಿಗಳು ಪುರಭವನಕ್ಕೆ ನುಗ್ಗಿ ಅಲ್ಲಿದ್ದ ಅಧಿಕಾರಸ್ಥರನ್ನು ಕಿಟಕಿಯಿಂದ ಕೆಳಗೆಸೆದರು. ಹುಸ್ಸೈಟ್ ಯುದ್ಧಗಳಿಗೆ ಕಿಡಿ ಹೊತ್ತಿದ್ದು ಅಲ್ಲಿ. ಇನ್ನೂ ದಕ್ಷಿಣಕ್ಕೆ ಎಮ್ಮಾಸ್ ಮಠ. 1945ರ ಫೆಬ್ರುವರಿಯ ಬಾಂಬ್ ದಾಳಿಯಲ್ಲಿ ಚರ್ಚಿನ ಛಾವಣಿ ಕುಸಿದರೂ ಮಠದ ಒಳಪಡಸಾಲೆಯಲ್ಲಿ 14ನೇ ಶತಮಾನದ ಭಿತ್ತಿಚಿತ್ರಗಳು ಉಳಿದಿವೆ.

ಯಾರ ಜೊತೆ ನಡೆಯುವುದು?

ಚೌಕದಲ್ಲಿ ಬಣ್ಣದ ಕೊಡೆ ಹಿಡಿದು ನಿಲ್ಲುವವರ ‘ಉಚಿತ’ ನಡಿಗೆಗಳಿಗೆ ಮೊದಲೇ ಹಣ ಕಟ್ಟಬೇಕಿಲ್ಲ, ಕೊನೆಯಲ್ಲಿ ಟಿಪ್ಸ್ ಕೊಡಬೇಕು. ಇಂಥ ವ್ಯವಸ್ಥೆಯಲ್ಲಿ ಗೈಡ್‌ನ ಸಂಪಾದನೆಯೆಲ್ಲ ಆ ಟಿಪ್ಸ್‌ನಿಂದಲೇ. ಜೊತೆಗೆ ಎಷ್ಟೋ ಕಡೆ ಬಂದವರ ತಲೆಯೆಣಿಸಿ ಅವರೇ ಕಂಪನಿಗೆ ಇಂತಿಷ್ಟೆಂದು ಕಟ್ಟಬೇಕಾಗುತ್ತದೆ. ಹೀಗಿರುವಾಗ ಗುಂಪು ದೊಡ್ಡದಾಗುವುದು, ಮಾತು ರಂಜನೆಯ ಕಡೆಗೆ ವಾಲುವುದು ಸಹಜ. ಇವರಲ್ಲಿ ಅತ್ಯುತ್ತಮ ಮಾತುಗಾರರಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಊರಿನ ದಿಕ್ಕು ತಿಳಿಯಲು, ಯಾವ ಕೇರಿಗೆ ಮತ್ತೆ ಬರಬೇಕೆಂದು ನಿರ್ಧರಿಸಲು ಇದು ಒಳ್ಳೆಯ ದಾರಿ. ಆದರೆ ಟಿಕೆಟ್ ಬೇಕಾದ ಯಾವ ಬಾಗಿಲೊಳಗೂ ಸಾಮಾನ್ಯವಾಗಿ ಹೋಗುವುದಿಲ್ಲ. ಈ ಊರಿನಲ್ಲಿ ಒಳಗೆ ಹೋಗದೆ ಮಧ್ಯಯುಗ ಸಿಗುವುದು ಅರ್ಧ ಮಾತ್ರ. ಟಿಪ್ಸ್ ಕೊಡುವಾಗ ಚೆಕ್ ಕೊರುನಾದಲ್ಲಿ, ನೋಟಿನಲ್ಲಿ, ಅವರ ದುಡಿಮೆಗೆ ತಕ್ಕಷ್ಟು ಕೊಡಿ. ಎರಡೂವರೆ ಗಂಟೆ ಕೇಳಿಸಿಕೊಂಡು ಕೊನೆಯ ತಿರುವಿನಲ್ಲಿ ಮೆಲ್ಲನೆ ಜಾರಿಕೊಳ್ಳುವುದು ತಪ್ಪು.

ಮೊದಲೇ ಹಣ ಕಟ್ಟುವ ಸಣ್ಣ ಗುಂಪಿನ ನಡಿಗೆ ಹೆಚ್ಚಿನವರಿಗೆ ಸರಿಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಹತ್ತು ಹನ್ನೆರಡು ಜನರಿದ್ದರೆ ಉಂಗೆಲ್ಟ್ ಅಂಗಳದ ಮೂಲೆಯಲ್ಲಿ ನಿಂತು ಪ್ರಶ್ನೆ ಕೇಳಬಹುದು, ನೆಲಮಾಳಿಗೆಗೆ ಒಟ್ಟಾಗಿ ಇಳಿಯಬಹುದು. ಮೂವತ್ತು ಜನರಿದ್ದರೆ ಹಿಂದಿನ ಸಾಲಿಗೆ ಬರೇ ಕೊಡೆ ಕಾಣುತ್ತದೆ. ಬುಕ್ ಮಾಡುವ ಮೊದಲು ಗುಂಪಿನ ಗರಿಷ್ಠ ಸಂಖ್ಯೆಯನ್ನೂ ಪ್ರವೇಶ ಶುಲ್ಕ ಸೇರಿದೆಯೇ ಎಂಬುದನ್ನೂ ಕೇಳಿ. ಇವೆರಡಕ್ಕೂ ಸ್ಪಷ್ಟ ಉತ್ತರ ಕೊಡದವರನ್ನು ಬಿಟ್ಟುಬಿಡಿ.

ಖಾಸಗಿ ಗೈಡ್ ದುಬಾರಿ, ಒಬ್ಬರೇ ಹೋಗುವವರಿಗಂತೂ ಭಾರ. ಆದರೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಐಷಾರಾಮ ಎಂದುಕೊಳ್ಳಬಾರದು. ಗುಂಪಿನ ನಡಿಗೆಯಲ್ಲಿ ಗೈಡ್ ಇಂಗ್ಲಿಷಿನಲ್ಲಿ ಓಡುವ ವೇಗಕ್ಕೆ ಹಿರಿಯರು ಹೊಂದಿಕೊಳ್ಳಲಾರದೆ ಸುಮ್ಮನೆ ಹಿಂದೆ ಹಿಂದೆ ನಡೆಯುತ್ತಾರೆ. ನಿಮ್ಮದೇ ಗೈಡ್ ಇದ್ದರೆ ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳಬಹುದು, ಅವರ ಪ್ರಶ್ನೆಯನ್ನು ದಾಟಿಸಬಹುದು, ಬೆಂಚು ಕಂಡಲ್ಲಿ ಕೂರಬಹುದು. ನಾಲ್ಕೈದು ಜನರ ಕುಟುಂಬಕ್ಕೆ ಹಂಚಿದರೆ ವೆಚ್ಚ ಸಣ್ಣ ಗುಂಪಿನ ಟಿಕೆಟ್‌ಗಳಿಗಿಂತ ಬಹಳ ಹೆಚ್ಚಾಗುವುದೂ ಇಲ್ಲ. ಹಳೆಯ ಪಟ್ಟಣದ ಬೀದಿಗಳೆಲ್ಲ ಕಲ್ಲುಹಾಸಿನವು. ಮಂಡಿ ನೋವಿರುವವರಿಗೆ ಮೂರು ಗಂಟೆ ಎಂದರೆ ಅದು ಶಿಕ್ಷೆ. ಎರಡು ಗಂಟೆ, ಒಂದೇ ಕೇರಿ ಎಂದು ಮೊದಲೇ ಮಾತಾಡಿಕೊಳ್ಳಿ.

ಮೊಬೈಲಿನ ಆಡಿಯೊ ಗೈಡ್ ನಿಮ್ಮ ವೇಗಕ್ಕೆ ನಡೆಯುತ್ತದೆ, ಬೆಳಗಿನ ಆರು ಗಂಟೆಗೆ ಬೇಕೆಂದರೂ ಸಿದ್ಧ. ಚಾರ್ಲ್ಸ್ ಸೇತುವೆಗೆ ಇದೇ ಸರಿ. ಗುಂಪಿನ ನಡಿಗೆಗಳು ಅಲ್ಲಿಗೆ ತಲುಪುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ, ಗೈಡ್‌ನ ದನಿ ಕೇಳುವುದಿಲ್ಲ. ಹೊಸ ಪಟ್ಟಣಕ್ಕೂ ಆಡಿಯೊ ಅಥವಾ ಒಳ್ಳೆಯ ನಕ್ಷೆ ಸಾಕು, ಏಕೆಂದರೆ ಅಲ್ಲಿ ನೋಡಬೇಕಾದ್ದು ರಸ್ತೆಗಳ ಹರವು. ಅದು ನಡೆದಷ್ಟೂ ತಿಳಿಯುತ್ತದೆ. ಹಳೆಯ ಪಟ್ಟಣದಲ್ಲಿ ಇದು ಸೋಲುತ್ತದೆ. ಎಡಗಡೆಯ ಮೂರನೆಯ ಬಾಗಿಲು ಎಂದು ಕಿವಿಯಲ್ಲಿ ಕೇಳಿ ಬಾಗಿಲು ಹುಡುಕುವಷ್ಟರಲ್ಲಿ ಕಥೆ ಮುಂದಿನ ಓಣಿಗೆ ಹೋಗಿರುತ್ತದೆ.

ರಾತ್ರಿಯ ದೆವ್ವದ ನಡಿಗೆಗಳು ಮಕ್ಕಳಿಗೆ ಖುಷಿ ಕೊಡುತ್ತವೆ. ಇತಿಹಾಸಕ್ಕೆಂದು ಹೋಗುವವರಿಗಲ್ಲ.

ಗೈಡ್‌ನ ಹದ ನೋಡುವ ಬಗೆ

ಚೆಕ್ ಗಣರಾಜ್ಯದಲ್ಲಿ ಗೈಡ್‌ಗಳು ಗುರುತಿನ ಕಾರ್ಡ್ ಧರಿಸಬೇಕು. ಅದರಲ್ಲಿ ಎರಡು ದರ್ಜೆಗಳಿವೆ. ಎರಡನೆಯ ದರ್ಜೆಯದು ವೃತ್ತಿಯ ಅರ್ಹತೆಯನ್ನು ಸಾಬೀತುಪಡಿಸಿದವರಿಗೆ ಸಿಗುತ್ತದೆ. ಕಾರ್ಡ್ ನೋಡುವುದು ಒಳ್ಳೆಯದೇ, ಆದರೆ ನಿಜವಾದ ಪರೀಕ್ಷೆ ಹಳೆಯ ಪಟ್ಟಣದ ಪುರಸಭಾ ಭವನದ ಖಗೋಳ ಗಡಿಯಾರದ ಮುಂದೆ ನಡೆಯುತ್ತದೆ. ಹನುಷ್ ಎಂಬ ಕುಶಲಿ ಈ ಗಡಿಯಾರ ಮಾಡಿದ, ಇನ್ನೊಂದನ್ನು ಬೇರೆಲ್ಲೂ ಮಾಡಬಾರದೆಂದು ಪುರಸಭೆಯವರು ಅವನ ಕಣ್ಣು ಕೀಳಿಸಿದರು ಎಂಬ ಕಥೆಯನ್ನು ದಿನವಿಡೀ ಅಲ್ಲಿ ಹೇಳುತ್ತಲೇ ಇರುತ್ತಾರೆ. ಅದು ಐತಿಹ್ಯ. 1410ರ ದಾಖಲೆಯೊಂದು ಗಡಿಯಾರವನ್ನು ಮಾಡಿದವನು ಕಡಾನ್ ಊರಿನ ಮಿಕುಲಾಷ್ ಎಂದು ಹೇಳುತ್ತದೆ. ಖಗೋಳದ ಲೆಕ್ಕಾಚಾರದಲ್ಲಿ ವಿಶ್ವವಿದ್ಯಾಲಯದ ಪಂಡಿತ ಯಾನ್ ಶಿಂಡೆಲ್‌ರ ಹೆಸರೂ ಸೇರಿದೆ. ಗಂಟೆ ಬಾರಿಸುವಾಗ ಕಿಟಕಿಯಲ್ಲಿ ಹಾದುಹೋಗುವ ಅಪೊಸ್ತಲರ (ಯೇಸುವಿನ ಶಿಷ್ಯರ) ಬೊಂಬೆಗಳು ಮೂಲ ಗಡಿಯಾರದಲ್ಲಿ ಇರಲೇ ಇಲ್ಲ. ಬಹಳ ಕಾಲದ ಮೇಲೆ ಸೇರಿದವು. ಕಥೆಯನ್ನೂ ಹೇಳಿ ದಾಖಲೆಯನ್ನೂ ಹೇಳುವ ಗೈಡ್ ಬೇಕು. ಕಥೆಯನ್ನೇ ಇತಿಹಾಸವೆಂದು ಒಪ್ಪಿಸುವವರ ಬಾಯಲ್ಲಿ ಉಳಿದ ಮಾತಿಗೂ ಬೆಲೆ ಇಳಿಯುತ್ತದೆ.

ಸೇತುವೆಯ ಮೇಲೂ ಹೀಗೆಯೇ. 1357ರಲ್ಲಿ ಅಡಿಗಲ್ಲು ಬಿದ್ದ ಸೇತುವೆ ಮಧ್ಯಯುಗದ್ದು, 30 ಪ್ರತಿಮಾ ಸಮೂಹಗಳು ಹೆಚ್ಚಾಗಿ ಬರೋಕ್ ಕಾಲದವು, ಅವುಗಳಲ್ಲಿ ಎಷ್ಟೋ ಈಗ ಪ್ರತಿಕೃತಿಗಳು. ಮಾಲಾ ಸ್ತ್ರಾನಾ ಕಡೆಯ ಎರಡು ಗೋಪುರಗಳಲ್ಲಿ ಗಿಡ್ಡದು ಇದಕ್ಕಿಂತ ಹಿಂದಿನ ಯೂದಿತ್ ಸೇತುವೆಯ ಉಳಿಕೆ. ಕಲ್ಯಾಣದಲ್ಲಿ ಶರಣರು ವಚನ ಬರೆಯುತ್ತಿದ್ದ ಶತಮಾನದಲ್ಲೇ ಕಟ್ಟಿದ ಆ ಕಲ್ಲಿನ ಸೇತುವೆಯನ್ನು 1342ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಆ ಗಿಡ್ಡ ಗೋಪುರದ ಕಡೆಗೆ ಕೈ ತೋರಿಸದೆ ದಾಟುವ ಗೈಡ್ ನನ್ನ ಪಟ್ಟಿಯಲ್ಲಿ ಉಳಿಯುವುದಿಲ್ಲ.

ಎರಡು ದಿನ ಇರುವವರಿಗೆ ನನ್ನ ಸಲಹೆ ಇಷ್ಟು. ಮೊದಲ ದಿನ ಬೆಳಗಾಗುತ್ತಲೇ ನೀವೇ ಸೇತುವೆಗೆ ಹೋಗಿ ಬನ್ನಿ. ಆಮೇಲೆ ನೆಲಮಾಳಿಗೆ ಸೇರಿದ ಸಣ್ಣ ಗುಂಪಿನ ನಡಿಗೆಯಲ್ಲಿ ಹಳೆಯ ಪಟ್ಟಣ, ಮಧ್ಯಾಹ್ನ ಟಿಕೆಟ್ ಕೊಂಡು ಯೋಸೆಫೊವ್. ಎರಡನೆಯ ದಿನ 22ನೇ ಸಂಖ್ಯೆಯ ಟ್ರಾಮ್ ಹಿಡಿದು ಕೋಟೆಯ ಮೇಲಕ್ಕೆ ಹೋಗಿ, ಮಾಲಾ ಸ್ತ್ರಾನಾ ಮೂಲಕ ಇಳಿಯುತ್ತಾ ಬನ್ನಿ. ಏರುವ ಶ್ರಮ ಉಳಿಯುತ್ತದೆ. ಸಂಜೆ ನಕ್ಷೆ ಹಿಡಿದು ಹೊಸ ಪಟ್ಟಣ. ಡಿಸೆಂಬರಿನಲ್ಲಿ ಹೋಗುವವರು ಸಂಜೆಯ ಭಾಗವನ್ನು ಬೆಳಗ್ಗೆಗೆ ತರಬೇಕು, ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಯಹೂದಿ ವಸ್ತುಸಂಗ್ರಹಾಲಯವೂ ಸಿನಗಾಗ್‌ಗಳೂ ಶನಿವಾರ ಮತ್ತು ಯಹೂದಿ ಹಬ್ಬಗಳಂದು ಮುಚ್ಚಿರುತ್ತವೆ. ನಿಮ್ಮ ಮೊದಲ ದಿನ ಶನಿವಾರವಾದರೆ ಯೋಸೆಫೊವ್ ಮತ್ತು ಹೊಸ ಪಟ್ಟಣವನ್ನು ಅದಲುಬದಲು ಮಾಡಿಕೊಳ್ಳಿ.